ಯಾವ ಪುಟ, ಸ್ವಾಮಿ?

ನವೆಂಬರ್ ಬಂತೆಂದರೆ ಹಳದಿ-ಕೆಂಪು ಬಾವುಟದ ಚಿತ್ರ ಹೊತ್ತ ಒಂದು ವಾಟ್ಸ್‌ಆ್ಯಪ್ ಸಂದೇಶ ತಪ್ಪದೆ ಬರುತ್ತದೆ: ಕನ್ನಡ ಲಿಪಿಯನ್ನು ವಿನೋಬಾ ಭಾವೆಯವರು ವಿಶ್ವಲಿಪಿಗಳ ರಾಣಿ ಎಂದು ಕರೆದಿದ್ದರಂತೆ. ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷಣಕಾರರು ಇದನ್ನೇ ಹೇಳುತ್ತಾರೆ, ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ ಮಕ್ಕಳೂ ಇದನ್ನೇ ಬರೆಯುತ್ತಾರೆ. ಯಾವ ಊರಿನ ಸಭೆಯಲ್ಲಿ ಹೇಳಿದರು, ಯಾವ ಪುಸ್ತಕದಲ್ಲಿ ಬರೆದರು, ಯಾವ ವರ್ಷ ಎಂಬುದು ಮಾತ್ರ ಆ ಸಂದೇಶಗಳಲ್ಲಿ ಇರುವುದಿಲ್ಲ. ವಿನೋಬಾ ಹಾಗೆ ಹೇಳಿಯೇ ಇಲ್ಲ ಅನ್ನುವುದು ನನ್ನ ವಾದವಲ್ಲ. ಹೇಳಿದ್ದರೆ ಎಲ್ಲೋ ಅಚ್ಚಾಗಿರಬೇಕು. ಅದನ್ನು ತೋರಿಸಿ ಎಂದು ಕೇಳಿದರೆ ಮಾತ್ರ ಎದುರಿನವರ ಮುಖ ಯಾಕೋ ಸಪ್ಪೆಯಾಗುತ್ತದೆ.

ಇಂಥದೊಂದು ಸಾಲನ್ನು ಕನ್ನಡ ವಿಕಿಪೀಡಿಯದ ಯಾವುದೋ ಪುಟಕ್ಕೆ ಯಾರೋ ಅಭಿಮಾನದಿಂದ ಸೇರಿಸುತ್ತಾರೆ ಎನ್ನಿ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದು ಸಾಲಿನ ಕೊನೆಗೆ ‘ಉಲ್ಲೇಖ ಬೇಕು’ ಎಂಬ ಚೀಟಿ ಅಂಟಿಸುತ್ತಾರೆ. ಮೊದಲನೆಯವರಿಗೆ ಸಿಟ್ಟು ಬರುತ್ತದೆ. ಚರ್ಚೆ ಪುಟದಲ್ಲಿ “ತಾವು ಕನ್ನಡಿಗರೇ ತಾನೆ?” ಎಂಬ ಪ್ರಶ್ನೆ ಏಳುತ್ತದೆ. ಅತ್ತಲಿಂದ ಬರುವ ಉತ್ತರ ಯಾವಾಗಲೂ ಒಂದೇ: “ಹೌದು ಸರ್, ಕನ್ನಡಿಗನೇ. ಯಾವ ಪುಸ್ತಕ, ಯಾವ ಪುಟ ಅಂತ ಹೇಳಿಬಿಡಿ, ಚೀಟಿ ತೆಗೆಯೋಣ.”

ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ರಂದು. ಕನ್ನಡದ ಆವೃತ್ತಿ 2003ರಲ್ಲಿ. ಆರಂಭದ ದಿನಗಳಲ್ಲಿ ಉಲ್ಲೇಖದ ಬಗ್ಗೆ ಈಗಿನಷ್ಟು ಕಟ್ಟುನಿಟ್ಟು ಇರಲಿಲ್ಲ. ಅದು ಬಿಗಿಯಾಗಲು ಒಂದು ದೊಡ್ಡ ಕಾರಣ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಅವರಿಗೆ ಆದ ಅನ್ಯಾಯ. ರಾಬರ್ಟ್ ಕೆನಡಿಯವರ ಸಹಾಯಕರಾಗಿ ಕೆಲಸ ಮಾಡಿದ್ದ ಅವರ ಬಗ್ಗೆ 2005ರ ಮೇ ತಿಂಗಳಲ್ಲಿ ಯಾರೋ ಒಂದು ಪುಟ ಬರೆದು, ಕೆನಡಿ ಸೋದರರ ಕೊಲೆಯಲ್ಲಿ ಇವರ ಕೈವಾಡವಿದೆ ಎಂಬ ಶಂಕೆ ಇತ್ತು ಎಂದು ಸೇರಿಸಿದರು. ತಿಂಗಳುಗಟ್ಟಲೆ ಆ ಸುಳ್ಳು ಹಾಗೇ ಕೂತಿತ್ತು. ನವೆಂಬರ್‌ನಲ್ಲಿ ಸೀಗೆಂತಾಲರ್ ‘ಯುಎಸ್‌ಎ ಟುಡೇ’ಯಲ್ಲಿ ಬರೆದಾಗ ದೊಡ್ಡ ಗದ್ದಲವೆದ್ದಿತು. ಆ ಬಳಿಕ ಇಂಗ್ಲಿಷ್ ಆವೃತ್ತಿಯಲ್ಲಿ ಖಾತೆ ಇಲ್ಲದವರು ಹೊಸ ಪುಟ ತೆರೆಯುವುದು ನಿಂತಿತು. ಬದುಕಿರುವವರ ಬಗ್ಗೆ ಆಧಾರವಿಲ್ಲದೆ ಬರೆದ ಆರೋಪವನ್ನು ಚರ್ಚೆಗೂ ಕಾಯದೆ ಅಳಿಸಬೇಕೆಂಬ ನಿಯಮ ಬಂತು.

ಸರಿ, ಉಲ್ಲೇಖ ಹಾಕಿಬಿಟ್ಟರೆ ಕೆಲಸ ಮುಗಿಯಿತೆ? ಇಲ್ಲ ಎನ್ನುವುದಕ್ಕೆ ನಮ್ಮ ಪಕ್ಕದ ಗೋವೆಯಲ್ಲೇ ಒಂದು ಕತೆ ಇದೆ.

2007ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಬಿಚೋಲಿಂ ಸಂಘರ್ಷ’ ಎಂಬ ಲೇಖನ ಹುಟ್ಟಿತು. ಬಿಚೋಲಿಂ ಎಂದರೆ ಉತ್ತರ ಗೋವೆಯ ಡಿಚೋಲಿ. 1640-41ರಲ್ಲಿ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ಅಲ್ಲಿ ಯುದ್ಧ ನಡೆಯಿತು, ಕೊನೆಗೆ ಒಪ್ಪಂದವಾಯಿತು ಎಂದು ಅದರಲ್ಲಿ ಸಾವಿರಾರು ಪದಗಳ ವಿವರ. ಅಡಿಟಿಪ್ಪಣಿಗಳಿದ್ದವು, ಪುಸ್ತಕಗಳ ಪಟ್ಟಿ ಇತ್ತು, ಭಾಷೆ ಚೊಕ್ಕವಾಗಿತ್ತು. ಎರಡು ತಿಂಗಳೊಳಗೆ ಅದಕ್ಕೆ ‘ಉತ್ತಮ ಲೇಖನ’ವೆಂಬ ಮಾನ್ಯತೆ ಸಿಕ್ಕಿತು. ನೂರು ಲೇಖನಗಳಲ್ಲಿ ಒಂದಕ್ಕೂ ಸಿಗದ ಗೌರವವದು. ಐದು ವರ್ಷ ಆ ಗೌರವ ಹಾಗೇ ಉಳಿಯಿತು. 2012ರ ಡಿಸೆಂಬರ್‌ನಲ್ಲಿ ಒಬ್ಬ ಸಂಪಾದಕರು ಅದರಲ್ಲಿ ಹೆಸರಿಸಿದ್ದ ಪುಸ್ತಕಗಳನ್ನು ಹುಡುಕಲು ಹೊರಟರು. ಒಂದೂ ಸಿಗಲಿಲ್ಲ, ಯಾಕೆಂದರೆ ಅಂಥ ಪುಸ್ತಕಗಳನ್ನು ಯಾರೂ ಬರೆದೇ ಇರಲಿಲ್ಲ. ಯುದ್ಧವೂ ನಡೆದಿರಲಿಲ್ಲ. ಲೇಖನವನ್ನು ಅಳಿಸಲಾಯಿತು.

ನಮ್ಮ ಹೈಸ್ಕೂಲಿನ ಇತಿಹಾಸದ ಮೇಷ್ಟ್ರಾದರೂ ಆ ಶೀರ್ಷಿಕೆಯಲ್ಲೇ ಗುಮಾನಿಪಡುತ್ತಿದ್ದರು. 1640ರಲ್ಲಿ ಶಿವಾಜಿಗೆ ಹತ್ತು ವರ್ಷ, ಪಟ್ಟಾಭಿಷೇಕವಾದದ್ದು 1674ರಲ್ಲಿ. ಆಗ ಮರಾಠಾ ಸಾಮ್ರಾಜ್ಯವೆಂಬುದು ಎಲ್ಲಿಂದ ಬರಬೇಕು? ಡಿಚೋಲಿ ಸೀಮೆ ಇದ್ದದ್ದು ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿ. ಆದರೆ ಆ ಪುಟವನ್ನು ಪರಿಶೀಲಿಸಿದವರು ಗಮನಿಸಿದ್ದು ಉಲ್ಲೇಖ ಇದೆಯೇ ಎಂಬುದನ್ನು, ಅದು ಸರಿಯಾದ ವಿನ್ಯಾಸದಲ್ಲಿದೆಯೇ ಎಂಬುದನ್ನು. ಪುಸ್ತಕ ತೆರೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಗೋವೆಯಲ್ಲೋ ಧಾರವಾಡದಲ್ಲೋ ಕುಳಿತ ಒಬ್ಬ ಇತಿಹಾಸ ವಿದ್ಯಾರ್ಥಿ ಓದಿದ್ದರೂ ಸಾಕಾಗಿತ್ತು ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಓದಿ ನಕ್ಕು ಸುಮ್ಮನಾದವರು ಇದ್ದರೂ ಇದ್ದಾರು.

ಇಂದು ಈ ಕತೆಗೆ ಹೊಸ ಮಹತ್ವ ಬಂದಿದೆ. ಬಿಚೋಲಿಂ ಯುದ್ಧ ಕಟ್ಟಿದಾತ ಇಲ್ಲದ ಪುಸ್ತಕಗಳಿಗೆ ಹೆಸರು ಹುಟ್ಟಿಸಲು ತಲೆ ಓಡಿಸಬೇಕಾಗಿತ್ತು. ಈಗ ಯಾವುದೇ ಚಾಟ್‌ಬಾಟ್‌ಗೆ ಕೇಳಿದರೆ ಲೇಖಕ, ಪ್ರಕಾಶನ, ವರ್ಷ, ಪುಟಸಂಖ್ಯೆ ಸಮೇತ ಇಲ್ಲದ ಪುಸ್ತಕವನ್ನು ಕ್ಷಣದಲ್ಲಿ ಕೈಗಿಡುವುದುಂಟು. ಕನ್ನಡದ ಹೆಸರುಗಳನ್ನೂ ಅದು ನಂಬುವಂತೆಯೇ ಜೋಡಿಸುತ್ತದೆ. ಪಟ್ಟಿ ಉದ್ದವಿದೆ ಎಂಬುದು ಹಿಂದೆಯೂ ಪುರಾವೆ ಆಗಿರಲಿಲ್ಲ, ಈಗಂತೂ ಅನುಮಾನಕ್ಕೇ ಕಾರಣ.

ಸುಳ್ಳು ಹುಟ್ಟುವ ಇನ್ನೊಂದು ಬಗೆ ಇದಕ್ಕಿಂತ ಮೋಜಿನದು. 2008ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಕೊವಾಟಿ ಎಂಬ ಪ್ರಾಣಿಯ ಪುಟದಲ್ಲಿ, ಇದಕ್ಕೆ ‘ಬ್ರೆಜಿಲಿನ ಆರ್ಡ್‌ವಾರ್ಕ್’ ಎಂಬ ಹೆಸರೂ ಇದೆ ಎಂದು ತಮಾಷೆಗೆ ಸೇರಿಸಿದ. ಆರ್ಡ್‌ವಾರ್ಕ್ ಆಫ್ರಿಕಾದ ಪ್ರಾಣಿ, ಕೊವಾಟಿಗೂ ಅದಕ್ಕೂ ಯಾವ ನಂಟೂ ಇಲ್ಲ. ಬ್ರಿಟನ್ನಿನ ಪತ್ರಿಕೆಗಳು ಆ ಹೆಸರನ್ನು ಎತ್ತಿಕೊಂಡವು. ಆಮೇಲೆ ಆ ಪತ್ರಿಕೆಗಳ ವರದಿಯೇ ವಿಕಿಪೀಡಿಯದ ಸಾಲಿಗೆ ಆಧಾರವಾಗಿ ಬಂತು. 2014ರಲ್ಲಿ ‘ನ್ಯೂಯಾರ್ಕರ್’ ಈ ಗುಟ್ಟು ಬಯಲು ಮಾಡಿತು. ಜರ್ಮನಿಯಲ್ಲಿ 2009ರಲ್ಲಿ ಗುಟೆನ್‌ಬರ್ಗ್ ಎಂಬವರು ಮಂತ್ರಿಯಾದಾಗಲೂ ಹೀಗೇ ಆಯಿತು: ಅವರ ಮಾರುದ್ದದ ಹೆಸರಿಗೆ ಯಾರೋ ‘ವಿಲ್‌ಹೆಲ್ಮ್’ ಎಂದು ಒಂದನ್ನು ತೂರಿಸಿದರು, ಪತ್ರಿಕೆಗಳು ಹಾಗೇ ಅಚ್ಚು ಹಾಕಿದವು, ಅಚ್ಚಾದದ್ದೇ ಸಾಕ್ಷಿಯಾಯಿತು. ವಿಕಿಪೀಡಿಯವನ್ನೇ ವಿಕಿಪೀಡಿಯಕ್ಕೆ ಆಧಾರವಾಗಿ ಕೊಡಬಾರದು ಎಂಬ ನಿಯಮವಿದೆ. ಆದರೆ ಅದೇ ಮಾತು ಪತ್ರಿಕೆಯ ವೇಷ ಹಾಕಿ ಬಂದರೆ ಗುರುತು ಹಿಡಿಯುವುದು ಹೇಗೆ? ಒಂದೇ ದಾರಿ: ಪುಟದ ‘ಇತಿಹಾಸ’ ತೆರೆದು ಆ ಸಾಲು ಸೇರಿದ ದಿನ ಯಾವುದು, ವರದಿ ಬಂದ ದಿನ ಯಾವುದು ಎಂದು ತಾಳೆ ನೋಡುವುದು.

ಈಗ ಕನ್ನಡಕ್ಕೆ ಬರೋಣ. ನಮ್ಮ ಕಷ್ಟಗಳ ಜಾತಿ ಬೇರೆ.

ಹಲ್ಮಿಡಿ ಶಾಸನವನ್ನೇ ನೋಡಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಈ ಹದಿನಾರು ಸಾಲಿನ ಕಲ್ಲನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ. ಕನ್ನಡದ ಮೊದಲ ಶಾಸನ, ಸುಮಾರು ಕ್ರಿ.ಶ. 450 ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಶಾಸನದಲ್ಲಿ ತೇದಿ ಇಲ್ಲ. ಲಿಪಿಯ ರೂಪ, ಅರಸನ ಹೆಸರು ಇವನ್ನು ನೋಡಿ ಊಹಿಸಿದ ಕಾಲವದು. ಡಿ.ಸಿ. ಸರ್ಕಾರ್ ಅವರಂಥ ಶಾಸನತಜ್ಞರು ಅದನ್ನು ಆರನೆಯ ಶತಮಾನದ ಕೊನೆಗೆ ತಳ್ಳಿದ್ದೂ ಉಂಟು. ಹೀಗಿರುವಾಗ ‘ಹಲ್ಮಿಡಿ ಶಾಸನ ಕ್ರಿ.ಶ. 450ರದು’ ಎಂದು ಬರೆಯುವುದಕ್ಕೂ ‘ಎಂ.ಎಚ್. ಕೃಷ್ಣ ಅವರ ಪ್ರಕಾರ ಸುಮಾರು 450’ ಎಂದು ಬರೆಯುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಓದುಗನ ಬಾಯಿ ಮುಚ್ಚಿಸುತ್ತದೆ, ಎರಡನೆಯದು ಅವನನ್ನು ಮೈಸೂರು ಪುರಾತತ್ತ್ವ ಇಲಾಖೆಯ ವರದಿಯವರೆಗೆ ಕರೆದುಕೊಂಡು ಹೋಗುತ್ತದೆ.

ಇದರ ಮೇಲೆ ತಾಳಗುಂದ ಬಂತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ (ಸಿಂಹದ ಕೆತ್ತನೆಯಿರುವ ಕೈಪಿಡಿಗೋಡೆಯ) ಮೇಲೆ ಒಂದು ಶಾಸನ ಸಿಕ್ಕಿತು. ಇಲಾಖೆ ಅದರ ಕಾಲವನ್ನು ಕ್ರಿ.ಶ. 370 ಎಂದು ಗುರುತಿಸಿದೆ, ಹಾಗಾಗಿ ಹಲ್ಮಿಡಿಗಿಂತ ಹಳೆಯದು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೂಡಲೇ ಅಂತರಜಾಲದಲ್ಲಿ ತಿದ್ದುಪಡಿಗಳ ಸುರಿಮಳೆ. ‘ಮೊದಲ ಶಾಸನ’ ಎಂಬ ಪಟ್ಟವನ್ನು ಒಂದು ಊರಿನಿಂದ ಕಿತ್ತು ಇನ್ನೊಂದು ಊರಿಗೆ ಕೊಡುವ ಉತ್ಸಾಹ. ಆ ಉತ್ಸಾಹದಲ್ಲಿ ಒಂದು ಎಡವಟ್ಟಿಗೆ ದಾರಿಯಿದೆ. ಅದೇ ತಾಳಗುಂದದಲ್ಲಿ ಕದಂಬರ ಇನ್ನೊಂದು ಪ್ರಸಿದ್ಧ ಶಾಸನವಿದೆ: ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಸ್ತಂಭಶಾಸನ. ಮಯೂರಶರ್ಮ ಕಂಚಿಗೆ ಹೋಗಿ ಅವಮಾನಗೊಂಡ ಕತೆ ನಮಗೆ ಗೊತ್ತಾದದ್ದೇ ಅದರಿಂದ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅದು ‘ಶಿಕಾರಿಪುರ 176’. ಹೊಸ ಶಾಸನದ ಬಗ್ಗೆ ಬರೆದು ಹಳೆಯ ಕಂಬದ ಉಲ್ಲೇಖ ಕೊಟ್ಟರೆ ಸಾಲೂ ಇದೆ, ಆಧಾರವೂ ಇದೆ, ಎರಡಕ್ಕೂ ಸಂಬಂಧ ಮಾತ್ರ ಇಲ್ಲ. ‘ತಾಳಗುಂದ ಶಾಸನ’ ಎಂದಷ್ಟೇ ಬರೆದಿದ್ದರೆ ಓದುಗನಿಗೆ ಗೊತ್ತೇ ಆಗದು.

ತಾಲ್ಲೂಕಿನ ಹೆಸರು, ಮುಂದೊಂದು ಅಂಕಿ ಎಂಬ ರೈಸ್ ಅವರ ಪದ್ಧತಿಯನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಮೊದಲ ಸಂಪುಟ, ಕೊಡಗಿನದು, ಬಂದದ್ದು 1886ರಲ್ಲಿ. ಅಂದಿನಿಂದ ಕನ್ನಡದ ಶಾಸನ ವಿದ್ವಾಂಸರು ಯಾವ ಮಾತು ಹೇಳಿದರೂ ಪಕ್ಕದಲ್ಲಿ ಸಂಪುಟ, ತಾಲ್ಲೂಕು, ಅಂಕಿ ಬರೆಯುತ್ತ ಬಂದರು. ಉಲ್ಲೇಖ ಕೇಳುವುದು ಅಮೆರಿಕದಿಂದ ಬಂದ ಕಿರಿಕಿರಿ ಎಂದು ಗೊಣಗುವವರು ಒಮ್ಮೆ ಈ ಸಂಪುಟಗಳನ್ನು ತಿರುವಿ ಹಾಕಬೇಕು. ಒಂದು ಎಚ್ಚರಿಕೆ ಮಾತ್ರ ಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಆವೃತ್ತಿ ತಂದಾಗ ಸಂಪುಟಗಳ ಕ್ರಮ ಬದಲಾಯಿತು. ಹಳೆಯ ಆವೃತ್ತಿಯೋ ಹೊಸದೋ ಎಂದು ಹೇಳದೆ ಬರೀ ಅಂಕಿ ಕೊಟ್ಟರೆ ಓದುಗ ಬೇರೆ ಊರಿನ ಕಲ್ಲಿನ ಮುಂದೆ ನಿಂತಿರುತ್ತಾನೆ.

ಶಾಸನಗಳ ಲೋಕ ಹೀಗೆ ಅಚ್ಚುಕಟ್ಟು. ವ್ಯಕ್ತಿಚಿತ್ರಗಳ ಲೋಕಕ್ಕೆ ಬಂದರೆ ನಮ್ಮ ಅಚ್ಚುಮೆಚ್ಚಿನ ಪ್ರಕಾರವಾದ ಅಭಿನಂದನ ಗ್ರಂಥ ಎದುರಾಗುತ್ತದೆ. ಅರವತ್ತು ತುಂಬಿದವರಿಗೆಲ್ಲ ಒಂದು, ಎಪ್ಪತ್ತೈದಕ್ಕೆ ಮತ್ತೊಂದು. ಶಿಷ್ಯರು, ಬಂಧುಗಳು, ಒಡನಾಡಿಗಳು ಸೇರಿ ಬರೆದ ನಾನೂರು ಪುಟ. ಅದು ಪುಸ್ತಕ ಹೌದು, ಗ್ರಂಥಾಲಯದಲ್ಲಿ ಇರುವುದೂ ಹೌದು. ಹುಟ್ಟಿದ ಊರು, ಓದಿದ ಕಾಲೇಜು, ಪುಸ್ತಕಗಳ ಪಟ್ಟಿ ಇವಕ್ಕೆ ಧಾರಾಳವಾಗಿ ಬಳಸಿ. ಆದರೆ ‘ಇವರು ಕನ್ನಡ ವಿಮರ್ಶೆಯ ದಿಕ್ಕನ್ನೇ ಬದಲಿಸಿದರು’ ಎಂಬ ಸಾಲಿಗೆ ಅದರ ಹದಿನೇಳನೆಯ ಪುಟವನ್ನು ಸಾಕ್ಷಿ ಕರೆಯುವುದು, ಮದುವೆ ಮನೆಯಲ್ಲಿ ಹುಡುಗನ ಗುಣವನ್ನು ಹುಡುಗನ ಸೋದರಮಾವನ ಹತ್ತಿರ ವಿಚಾರಿಸಿದಂತೆ. ಸ್ಮರಣ ಸಂಚಿಕೆಗಳದೂ ಇದೇ ಪಾಡು, ಲೇಖಕರ ಗೆಳೆಯರು ಬರೆದ ಮುನ್ನುಡಿಗಳದೂ ಇದೇ. ಸ್ವತಂತ್ರವಾಗಿ ಬರೆದ ವಿಮರ್ಶೆ, ಸಂಪಾದಕರು ಕಣ್ಣಾಡಿಸಿದ ಪತ್ರಿಕೆಯ ಲೇಖನ, ವಿಶ್ವವಿದ್ಯಾಲಯದ ಪ್ರಸಾರಾಂಗ ತಂದ ಸಾಹಿತ್ಯ ಚರಿತ್ರೆ ಇಂಥವು ಬೇಕು.

ಮನೆಯವರೊಂದಿಗಿನ ಜಗಳ ಇನ್ನೂ ಕಷ್ಟದ್ದು. ತಾತನ ಜನ್ಮದಿನ ತಪ್ಪಾಗಿದೆ ಎಂದು ಮೊಮ್ಮಗಳು ತಿದ್ದುತ್ತಾಳೆ. ಯಾರೋ ಅದನ್ನು ಮೊದಲಿನಂತೆ ಮಾಡುತ್ತಾರೆ. “ನಮ್ಮ ತಾತ ಹುಟ್ಟಿದ್ದು ಯಾವಾಗ ಅಂತ ನಮಗಿಂತ ನಿಮಗೆ ಗೊತ್ತಾ?” ಎಂಬ ಅವಳ ಪ್ರಶ್ನೆ ನ್ಯಾಯವಾದದ್ದೇ. ಹಿಂದಿನವರ ಜನ್ಮದಿನಗಳಲ್ಲಿ ಎಷ್ಟೋ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದವು. ಜಾತಕದ ದಿನ ಬೇರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ದಿನ ಬೇರೆ. ಆದರೂ ವಿಕಿಪೀಡಿಯ ಅವಳ ಮಾತನ್ನು ಹಾಗೆಯೇ ಒಪ್ಪುವುದಿಲ್ಲ, ಯಾಕೆಂದರೆ ಬರೆಯುತ್ತಿರುವವಳು ನಿಜಕ್ಕೂ ಮೊಮ್ಮಗಳೇ ಎಂದು ತಿಳಿಯಲು ಅದರ ಬಳಿ ದಾರಿಯಿಲ್ಲ. ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ಅವರಿಗೇ ಹೀಗಾಗಿತ್ತು. ಅವರ ‘ದಿ ಹ್ಯೂಮನ್ ಸ್ಟೇನ್’ ಕಾದಂಬರಿಗೆ ಅನಟೋಲ್ ಬ್ರೊಯಾರ್ಡ್ ಎಂಬ ಲೇಖಕರ ಬದುಕು ಪ್ರೇರಣೆ ಎಂದು ಪುಟದಲ್ಲಿತ್ತು. ಅಲ್ಲ, ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಮೆಲ್ವಿನ್ ಟ್ಯೂಮಿನ್‌ಗೆ ಆದ ಘಟನೆ ಎಂದು ಸ್ವತಃ ರಾತ್ ಹೇಳಿಸಿದರೂ, ಬೇರೆ ಆಧಾರ ಬೇಕು ಎಂಬ ಉತ್ತರ ಬಂತು. 2012ರ ಸೆಪ್ಟೆಂಬರ್‌ನಲ್ಲಿ ಅವರು ‘ನ್ಯೂಯಾರ್ಕರ್’ನಲ್ಲಿ ಬಹಿರಂಗ ಪತ್ರ ಬರೆದರು; ಆ ಪತ್ರವೇ ಉಲ್ಲೇಖವಾಯಿತು. ಎಲ್ಲರೂ ಇದನ್ನು ವಿಕಿಪೀಡಿಯದ ಮೂರ್ಖತನವೆಂದು ನಕ್ಕರು. ನನಗೆ ಹಾಗನ್ನಿಸಿಲ್ಲ. ರಾತ್ ಹೇಳಿದ ಮಾತು ಪತ್ರದ ರೂಪದಲ್ಲಿ ಯಾರು ಬೇಕಾದರೂ ನೋಡುವಂತಾಯಿತು. ಅವರ ಹೇಳಿಕೆ ಒಂದು ಕಡೆ, ವಿಮರ್ಶಕರು ಊಹಿಸಿದ್ದು ಇನ್ನೊಂದು ಕಡೆ, ಎರಡೂ ಅಲ್ಲಿ ನಿಂತಿವೆ. ನಮ್ಮ ಮೊಮ್ಮಗಳು ಕೂಡ ತಾತನ ಜಾತಕದ ಕತೆಯನ್ನು ಒಂದು ಪತ್ರಿಕೆಗೆ ಬರೆದರೆ ಕೆಲಸ ಆಗುತ್ತದೆ.

ಬರೆಯುವವರಿಗೆ ಈ ದಾರಿ ಇದೆ. ಹಾಡುವವರಿಗೆ?

2016ರ ಆಗಸ್ಟ್‌ನಲ್ಲಿ ತುಳು ವಿಕಿಪೀಡಿಯ ಜೀವ ತಳೆಯಿತು. ತುಳುವಿನಲ್ಲಿ ಅಚ್ಚಾದದ್ದಕ್ಕಿಂತ ಬಾಯಲ್ಲಿ ಉಳಿದದ್ದು ಎಷ್ಟೋ ಪಾಲು ಹೆಚ್ಚು. ಒಂದು ದೈವದ ಬಗ್ಗೆ ಬರೆಯಹೊರಟವರಿಗೆ ಗದ್ದೆಯಲ್ಲಿ ನಾಟಿ ಮಾಡುತ್ತ ಪಾಡ್ದನ ಹೇಳುವ ಹೆಂಗಸರು ಎದುರಿಗೇ ಸಿಗುತ್ತಾರೆ. ಅವರ ಹಾಡನ್ನು ಉಲ್ಲೇಖವಾಗಿ ಕೊಡುವ ಹಾಗಿಲ್ಲ. ಎ.ಸಿ. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದ್ದು, ಅವರು ತೀರಿಕೊಂಡ ಮೇಲೆ 1894ರಿಂದ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಅಚ್ಚಾದ ಬರಹಗಳಿವೆ. ತುಳುವರ ‘ದೆವ್ವದ ಪೂಜೆ’ ಎಂಬರ್ಥದ ತಲೆಬರಹ ಅವಕ್ಕೆ. ನಿಯಮದ ಕಣ್ಣಿಗೆ ಅದು ಅಚ್ಚಾದ ಆಧಾರ; ಭೂತಾರಾಧನೆಯನ್ನು ದೆವ್ವದ ಪೂಜೆ ಎಂದವನಿಗೆ ಮಣೆ, ಹಾಡುವಾಕೆಗೆ ಹೊಸ್ತಿಲಾಚೆ ಜಾಗ.

ಈ ತೊಡಕನ್ನು ಮುನ್ನೆಲೆಗೆ ತಂದವರಲ್ಲಿ ಬೆಂಗಳೂರಿನ ಅಚಲ್ ಪ್ರಭಲ ಪ್ರಮುಖರು. 2011ರಲ್ಲಿ ಅವರು ವಿಕಿಮೀಡಿಯ ಪ್ರತಿಷ್ಠಾನದ ನೆರವಿನಿಂದ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕಾದ ಸೆಪೆಡಿ ಭಾಷೆಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ, ಆ ಮುದ್ರಿಕೆಯನ್ನೇ ಉಲ್ಲೇಖವಾಗಿಸುವ ಪ್ರಯೋಗ ಮಾಡಿದರು. ‘ಪೀಪಲ್ ಆರ್ ನಾಲೆಜ್’ ಎಂಬ ಚಿತ್ರವೂ ಬಂತು. ಇಂಗ್ಲಿಷ್ ಆವೃತ್ತಿಯ ಸಂಪಾದಕರಲ್ಲಿ ಹಲವರು ಒಪ್ಪಲಿಲ್ಲ. ಯಾರು ಬೇಕಾದರೂ ಯಾರ ಬಾಯಲ್ಲಾದರೂ ಏನನ್ನಾದರೂ ಹೇಳಿಸಿ ತರಬಹುದಲ್ಲ ಎಂಬುದು ಅವರ ಅಳುಕು. ಅದರಲ್ಲೂ ಹುರುಳಿದೆ. ಕೋಟಿ-ಚೆನ್ನಯರ ಪಾಡ್ದನ ಊರಿಂದ ಊರಿಗೆ ಬೇರೆಯಾಗುತ್ತದೆ. ಯಾವ ಊರಿನಲ್ಲಿ, ಯಾರು, ಯಾವಾಗ ಹಾಡಿದರು ಎಂದು ದಾಖಲಿಸದೆ ಒಂದು ಪಾಠವನ್ನೇ ‘ಕತೆ ಇದು’ ಎಂದು ಬರೆದರೆ ಉಳಿದ ಊರುಗಳಿಗೆ ಅನ್ಯಾಯ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಮಾಡಿದ ಧ್ವನಿಮುದ್ರಣಗಳು, ಅಮೃತ ಸೋಮೇಶ್ವರರಂಥವರು ಸಂಗ್ರಹಿಸಿದ ಪಾಡ್ದನಗಳು ಈ ಕೆಲಸವನ್ನು ಕ್ರಮದಿಂದ ಮಾಡಿವೆ. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ: ಹಾಡುವವರ ಹೆಸರು, ಊರು, ದಿನ ಸಮೇತ ಮೊದಲು ಸಂಗ್ರಹವಾಗಲಿ, ಆಮೇಲೆ ವಿಶ್ವಕೋಶಕ್ಕೆ ಬರಲಿ. ನಿಧಾನದ ದಾರಿ ಎಂಬುದು ನಿಜ. ಹಾಡುವವರಿಗೆ ವಯಸ್ಸಾಗುತ್ತಿದೆ ಎಂಬುದೂ ನಿಜ.

ಅಚ್ಚಾದದ್ದು ಸಿಗುವುದೇ ಸುಲಭವೆಂದೇನೂ ಅಲ್ಲ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಕೂಡಿಸಿದ ಕನ್ನಡ ಪುಸ್ತಕಗಳ ಪಿಡಿಎಫ್ ತೆರೆದು ಒಂದು ಪದ ಹುಡುಕಿ ನೋಡಿ, ಸಿಗುವುದಿಲ್ಲ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಗೊಂದಲದ ರೋಮನ್ ಅಕ್ಷರ. ಪತ್ರಿಕೆಗಳು ಜಾಲತಾಣದ ವಿನ್ಯಾಸ ಬದಲಿಸಿದಾಗಲೆಲ್ಲ ಹಳೆಯ ಕೊಂಡಿಗಳು ಸಾಯುತ್ತವೆ. ಇಂಟರ್‌ನೆಟ್ ಆರ್ಕೈವ್‌ನ ಯಂತ್ರಸೇವಕ ವಿಕಿಪೀಡಿಯದಲ್ಲಿ 2018ರ ಹೊತ್ತಿಗೇ 90 ಲಕ್ಷ ಸತ್ತ ಕೊಂಡಿಗಳನ್ನು ಉಳಿಸಿತ್ತು. ಪ್ರತಿ ತೆಗೆದಿಟ್ಟಿರದ ಪುಟವನ್ನು ಮಾತ್ರ ಅದಕ್ಕೂ ತರಲಾಗದು. ಆದ್ದರಿಂದ ಕನ್ನಡ ಪತ್ರಿಕೆಯ ವರದಿ ಬಳಸುವಾಗ ಬರೀ ಕೊಂಡಿ ಅಂಟಿಸಿ ಹೋಗಬೇಡಿ. ಪತ್ರಿಕೆಯ ಹೆಸರು, ತೇದಿ, ಶೀರ್ಷಿಕೆ, ಸಾಧ್ಯವಾದರೆ ಯಾವ ಜಿಲ್ಲೆಯ ಆವೃತ್ತಿ ಎಂಬುದನ್ನೂ ಬರೆಯಿರಿ. ಕೊಂಡಿ ಸತ್ತರೂ ಗ್ರಂಥಾಲಯದ ಕಡತ ಉಳಿದಿರುತ್ತದೆ.

ಕೈಗೆ ಸಿಗುವ ಗಟ್ಟಿ ಆಕರಗಳೂ ಇವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳದು, ಮೊದಲನೆಯದು 1969ರಲ್ಲಿ ಬಂದದ್ದು. 2014ರಲ್ಲಿ ಅದರ ಸಂಪುಟಗಳು ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾಗಿ ಕನ್ನಡ ವಿಕಿಸೋರ್ಸ್‌ಗೆ ದಾರಿ ಮಾಡಿಕೊಂಡವು. ಯಕ್ಷಗಾನಕ್ಕೆ, ಸಸ್ಯಗಳಿಗೆ, ಅಲಂಕಾರಶಾಸ್ತ್ರಕ್ಕೆ ಅದು ಇಂದಿಗೂ ಮೊದಲ ಮೆಟ್ಟಿಲು. ಆದರೆ 1970ರ ದಶಕದ ಬರಹಕ್ಕೆ ರಾಜ್ಯದಲ್ಲಿ ಗೊತ್ತಿದ್ದದ್ದು 19 ಜಿಲ್ಲೆ; ಇಂದು 31. ಕಣ್ಣುಮುಚ್ಚಿ ನಕಲಿಸಿದವರ ಪುಟದಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಸುಖವಾಗಿದ್ದರೆ ಅಚ್ಚರಿಯಿಲ್ಲ. 2009ರ ನಂತರ ಗೂಗಲ್‌ನ ಅನುವಾದ ಯೋಜನೆಯಲ್ಲಿ ಕನ್ನಡಕ್ಕೆ ಬಂದ ದೈತ್ಯ ಲೇಖನಗಳ ಕತೆ ಇದರ ವಿರುದ್ಧ ದಿಕ್ಕಿನದು: ಇಂಗ್ಲಿಷಿನಿಂದ ಸಾಲುಸಾಲಾಗಿ ಇಳಿದು ಬಂದ ಉಲ್ಲೇಖಗಳು, ಅವನ್ನು ಕನ್ನಡದಲ್ಲಿ ಯಾರೂ ತೆರೆದು ನೋಡಿಲ್ಲ, ಮೇಲಿನ ಕನ್ನಡವನ್ನಾದರೂ ಯಾರಾದರೂ ಪೂರ್ತಿ ಓದಿದ್ದಾರೆಯೇ ಎಂಬುದು ನನಗೆ ಅನುಮಾನ.

ಹೊಸಬರು ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ ನಾನು ವಚನಗಳನ್ನು ತೋರಿಸುತ್ತೇನೆ. ಬಸವಣ್ಣನವರ ಹೆಸರಿನಲ್ಲಿ ದಿನಕ್ಕೊಂದು ಶುಭೋದಯದ ಚಿತ್ರ ಓಡಾಡುತ್ತದೆ, ಕೆಳಗೆ ಅಂಕಿತವನ್ನೂ ಸಿಕ್ಕಿಸಿರುತ್ತಾರೆ. ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟದ 15 ಸಂಪುಟಗಳು 1993ರಲ್ಲೇ ಹೊರಬಂದಿವೆ, ಪ್ರತಿ ವಚನಕ್ಕೂ ಅಂಕಿ ಇದೆ. ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ ಎದುರಿಗೆ ಬರುತ್ತವೆ. ವಿಕಿಪೀಡಿಯದ ಯಾವುದಾದರೂ ಪುಟದಲ್ಲಿ ಅಂಕಿ ಇಲ್ಲದ ಒಂದು ವಚನ ಕಂಡರೆ ಹುಡುಕಿ. ಸಿಕ್ಕರೆ ಸಂಪುಟ ಮತ್ತು ಅಂಕಿ ಹಾಕಿ, ಸಿಗದಿದ್ದರೆ ಚರ್ಚೆ ಪುಟದಲ್ಲಿ ಬರೆಯಿರಿ, ಅಲ್ಲಿ ಯಾರೂ ಕಾಣದಿದ್ದರೆ ಅರಳಿಕಟ್ಟೆ ಎಂಬ ಪುಟಕ್ಕೆ ಹೋಗಿ ಕೂಗಿ. ಯಾರಾದರೂ ಒಬ್ಬರು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಸಂಪುಟ ತೆಗೆಸಿ ನೋಡಿ ಹೇಳಿಯಾರು. ನೀವೇ ಹೋಗುವುದಾದರೆ ಸೋಮವಾರ ಬೇಡ, ಹೆಚ್ಚಿನ ಕಡೆ ಅಂದು ರಜೆ.